ಮೊದಲ ಹಣ್ಣಿನ ಕಾವಲು

ಬೆಣಚಿಹಾಳ ಮಠದ ಪೂಜ್ಯ ಮರುಳಯ್ಯಜ್ಜನವರು ಹಿತ್ತಲಿನ ಮಾವಿನ ಮರದಡಿ ಹರಕು ಕಂಬಳಿ ಹಾಸಿಕೊಂಡು ಕುಳಿತಿರುತ್ತಿದ್ದರು. ಒಂದು ಬೆಳಿಗ್ಗೆ ಅಲ್ಲಿಗೆ ಫಕೀರಪ್ಪ ಬಂದ. ಮಾಯಾಲೋಕದ ಕಾದಂಬರಿ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಅವನ ಕಥೆಯ ವೀರ ಧೀರಸೇನ ಹಸಿವಿನಿಂದ ಸಾಯುತ್ತಿದ್ದರೂ ಮಾಟಗಾತಿಯ ಹೊನ್ನಹಣ್ಣನ್ನು ಮುಟ್ಟುವವನಲ್ಲ.

"ಮನಸ್ಸು ಗಟ್ಟಿ ಇದ್ರ ಆಸೆ ಏನ್ ಮಾಡೀತ್ರಿ, ಅಜ್ಜಾರ? ಕಡೀ ಅಧ್ಯಾಯಕ್ಕ ಆಶೀರ್ವಾದ ಮಾಡ್ರಿ" ಎಂದ.

ಅಜ್ಜನವರು ನಕ್ಕರು. "ಪೂಜಿ ಮುಗೀಲಿ. ಅಲ್ಲೀತನಕ ಪಾರ್ವತೆವ್ವನ ಜೋಡಿ ಹಣ್ಣು ಕಾಯ್ಕೊಂತ ಕೂಡು" ಎಂದರು.

ಆ ಮಠದಲ್ಲೊಂದು ಪದ್ಧತಿ. ಮರದ ಮೊದಲ ಹಣ್ಣು ಗದ್ದುಗೆಗೆ ನೈವೇದ್ಯವಾಗಿ, ಆಮೇಲೆ ಊರಿನ ಬಸುರಿಯ ಉಡಿ ಸೇರಬೇಕು. ಅಲ್ಲಿಯವರೆಗೆ ಅದನ್ನು ಗದ್ದುಗೆಯ ಪಕ್ಕದ ಕೋಣೆಯಲ್ಲಿ ತಟ್ಟೆಯಲ್ಲಿಟ್ಟು ಇಬ್ಬರು ಕೂಡಿ ಕಾಯಬೇಕು. ಸ್ವತಃ ಅಜ್ಜನವರೂ ಆ ಕೋಣೆಯಲ್ಲಿ ಒಬ್ಬರೇ ಕೂತವರಲ್ಲ. ಆ ವರ್ಷ ಉಡಿ ಒಡ್ಡಬೇಕಾದವಳು ನೀಲವ್ವ. ಹಿಂದೆ ಬಸಿರು ನಿಲ್ಲದೆ ಬೆಂದವಳು, ಈ ಹಣ್ಣಿನ ಮೇಲೆ ಜೀವ ಇಟ್ಟುಕೊಂಡಿದ್ದಳು.

"ಒಂದು ಹಣ್ಣಿಗೆ ಇಬ್ರು ಕಾವಲೇನು! ಹೋಗ್ಬೇ ಯವ್ವಾ, ರೊಟ್ಟಿ ಬಡಿ ಹೋಗು, ನಾ ಅದೀನಿ" ಎಂದು ಫಕೀರಪ್ಪ ಅಡುಗೆಯ ಪಾರ್ವತೆವ್ವನನ್ನು ಕಳಿಸಿಬಿಟ್ಟ. ಅಯ್ಯೋ ಪುಣ್ಯಾತ್ಮ! ಬಿಸಿಲೇರಿತು, ಹಣ್ಣು ಘಮಘಮಿಸಿತು. ಮೂಸಿದರೇನು ತಪ್ಪು ಅಂದುಕೊಂಡ. ತೊಟ್ಟಿನ ಸೊನೆ ಒರೆಸಿದರೇನು ಅಂದುಕೊಂಡ. ಎಚ್ಚರವಾದಾಗ ಕೈಯಲ್ಲಿ ಗೊರಟೆ ಮಾತ್ರ ಉಳಿದಿತ್ತು. ಅದನ್ನು ಜುಬ್ಬಾದ ಜೇಬಿಗೆ ತುರುಕಿದ.

ಪೂಜೆ ಹೊತ್ತಿಗೆ ನೀಲವ್ವ ಸೆರಗೊಡ್ಡಿ ನಿಂತಳು. ತಟ್ಟೆ ಬರಿದು. "ಇಲಿ..." ಎಂದು ಬಾಯಿ ತೆರೆದ ಫಕೀರಪ್ಪನ ಮೀಸೆಯಲ್ಲಿ ಹಳದಿ ನಾರು ಅಂಟಿತ್ತು.

ಯಾರೂ ಬಯ್ಯಲಿಲ್ಲ. "ಇರ್ಲಿ ಬಿಡ್ರೀ ಅಣ್ಣಾರ, ಹಸಿದಿದ್ರಿ ಕಾಣ್ತದ" ಎಂದಳು ನೀಲವ್ವ, ಕಣ್ಣೊರೆಸಿಕೊಳ್ಳುತ್ತ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಗೊರಟೆಯನ್ನು ಅಜ್ಜನವರ ಪಾದದ ಬಳಿ ಇಟ್ಟು, ನಾಚಿಕೆಯಿಂದ ಬಿಕ್ಕಿ ಬಿಕ್ಕಿ ಅತ್ತ. "ನನ್ನ ಮನಸ್ಸು ಇಷ್ಟು ಹೊಲಸೇನ್ರೀ, ಅಜ್ಜಾರ?"

"ನಂದೂ ಅಷ್ಟ ಐತೋ ತಮ್ಮಾ. ಅದಕ್ಕ ನಾ ಒಬ್ಬನ ಕೂಡಂಗಿಲ್ಲ" ಎಂದರು ಅಜ್ಜನವರು. ಗದ್ದುಗೆಯ ಮೇಲಿನ ತೆಂಗಿನಕಾಯಿಯನ್ನೇ ನೀಲವ್ವನ ಉಡಿಗೆ ಹಾಕಿ ಹರಸಿದರು.

ನೀಲವ್ವ ಸುಖವಾಗಿ ಹೆತ್ತಳು. ಆ ಸುದ್ದಿ ಕಿವಿಗೆ ಬೀಳುವವರೆಗೆ ಫಕೀರಪ್ಪ ಲೇಖನಿ ಮುಟ್ಟಲಿಲ್ಲ. ಕಡೆಯ ಅಧ್ಯಾಯದಲ್ಲಿ ಧೀರಸೇನ ಹೊನ್ನಹಣ್ಣಿನ ಮುಂದೆ ಎದೆ ಸೆಟೆಸಲಿಲ್ಲ. "ಯಾರಾದರೂ ಬನ್ನಿ, ನನ್ನ ಪಕ್ಕ ಕೂತುಕೊಳ್ಳಿ" ಎಂದು ಕೂಗಿಕೊಂಡ. ಇದೆಂಥಾ ವೀರ ಎಂದು ಓದುಗರು ಮೂಗು ಮುರಿದರು. ಫಕೀರಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ.

ಅಂದಿನಿಂದ ಮಾವಿನ ಕಾಲ ಬಂದಾಗಲೆಲ್ಲ ಅವನು ಮಠಕ್ಕೆ ಬರುತ್ತಿದ್ದ. ಪಾರ್ವತೆವ್ವ ಬಂದು ಕೂರುವವರೆಗೆ ಮಾತ್ರ ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ.