ಕಾಡತೂಸಿನ ಉದ್ದ

ಆಯುಧಪೂಜೆಯ ದಿನ ಬಂದೂಕು ರಿಪೇರಿ ಅಂಗಡಿಯ ಮಣೆಯ ಮೇಲೆ ಗರಗಸ, ಒಂದು ಮುದಿ ರಿವಾಲ್ವರ್, ಒಂದು ಹೊಸ ರಿವಾಲ್ವರ್ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ನಡುವೆ ಒಂದು ಕಾಡತೂಸು ನಿಂತಿತ್ತು.

"ಹೊಟ್ಟೆಯಲ್ಲಿ ಅರ್ಧ ಬರೀ ಗಾಳಿ. ಇಷ್ಟುದ್ದ ಯಾಕೆ ಬೆಳೆದೆ?" ಎಂದು ಹೊಸ ರಿವಾಲ್ವರ್ ಕಾಡತೂಸನ್ನು ಹಂಗಿಸಿತು.

ಕಾಡತೂಸು ಮುದಿ ರಿವಾಲ್ವರನ್ನು ತೋರಿಸಿತು: "ನಮ್ಮ ವಂಶ ಹುಟ್ಟಿದ್ದು ಈ ಹಿರಿಯರ ಗುಂಡಿನ ಗೂಡಿನ ಅಳತೆಗೆ. ಆಗಿನ ಕರಿಮದ್ದಿಗೆ ಬಲ ಕಡಿಮೆ, ಹೊಟ್ಟೆ ತುಂಬ ಬೇಕಿತ್ತು. ಈಗಿನ ಮದ್ದು ಸ್ವಲ್ಪವೇ ಸಾಕು. ಅಳತೆ ಮಾತ್ರ ಹಾಗೇ ಉಳಿಯಿತು."

"ಆ ತುಕ್ಕು ಕಬ್ಬಿಣದ ಹಂಗು ಇನ್ನೂ ಯಾಕೆ? ಅರ್ಧಕ್ಕೆ ಕತ್ತರಿಸಿಕೋ!"

ಕಾಡತೂಸು ಹೊಸ ರಿವಾಲ್ವರಿನತ್ತ ಹೊರಳಿತು.

"ಆಗಲಿ. ಮೊದಲು ನಿನ್ನ ಗೂಡು ತೆರೆ."

ಹೊಸದು ತೆರೆಯಿತು. ಕಾಡತೂಸು ಒಳಗೆ ಜಾರಿ, ಹೇಳಿ ಮಾಡಿಸಿದ ಹಾಗೆ ಕೂತಿತು.

"ನೋಡಿದೆಯಾ? ನನ್ನನ್ನು ಮಾಡಿದ್ದು ಇವರ ಅಳತೆಗೆ, ನಿನ್ನನ್ನು ಕೊರೆದದ್ದು ನನ್ನ ಅಳತೆಗೆ. ಈ ಉದ್ದ ತಪ್ಪಾದರೆ ನಿನ್ನದೂ ತಪ್ಪೇ."

ಹೊಸ ರಿವಾಲ್ವರ್ ಪಕ್ಕದ ಗರಗಸದ ಕಡೆ ನೋಡಿತು.

"ಇವತ್ತು ಪೂಜೆ, ಗರಗಸ ಮುಟ್ಟುವ ಹಾಗಿಲ್ಲ," ಎಂದಿತು ಕಾಡತೂಸು. "ನಾಳೆ ಕತ್ತರಿಸೋಣ. ನಿನ್ನಿಂದಲೇ ಶುರು."