ಟಕ್ ಎಂದ ಮೇಲೂ ಇನ್ನೊಂದು ಸುತ್ತು

ಬಿಗಿಯ ಅಳತೆ ಬಲ್ಲ ಟಾರ್ಕ್ ಸ್ಕ್ರೂಡ್ರೈವರಿಗೆ ಸಾಕುಸಾಕಾಗಿತ್ತು. ಮೀಟರ್ ಬೋರ್ಡಿನ ಒಂದೊಂದು ಸ್ಕ್ರೂವನ್ನೂ ತಕ್ಕಷ್ಟು ತಿರುಗಿಸಿ ಅವಳು ‘ಟಕ್’ ಎಂದು ನಿಂತರೆ, ಹಿಂದೆಯೇ ಹಳೆಯ ಸ್ಕ್ರೂಡ್ರೈವರ್ ಅಜ್ಜ ಬಂದು ಇನ್ನೊಂದು ಸುತ್ತು ಕೊಡುತ್ತಿದ್ದ.

“ಸಾಕು ಅಜ್ಜ, ಅಳತೆ ಮುಗಿದಿದೆ.”

“ಕೈಲಾಗದವರು ಟಕ್ ಅನ್ನುತ್ತಾರೆ, ಮಗಳೇ. ನನ್ನ ಪಟ್ಟು ನೋಡು.”

“ಪಟ್ಟು ತೋರಿಸಲು ಇದು ಗರಡಿಮನೆಯಲ್ಲ. ಅತಿಯಾಗಿ ಬಿಗಿದರೆ ಸ್ಕ್ರೂ ಕೆಟ್ಟು ತಂತಿ ಸಡಿಲವಾಗುತ್ತದೆ, ಕಿಡಿ ಹಾರಿ ಬೋರ್ಡೇ ಸುಟ್ಟೀತು.”

“ಸಡಿಲವಾಗಬಾರದೆಂದೇ ಬಿಗಿ ಮಾಡುತ್ತಿದ್ದೇನೆ.”

“ಅಜ್ಜ, ನನ್ನ ಮೈಸುತ್ತಿನ ಥ್ರೆಡ್ ಗೆರೆ ಸವೆದುಹೋಗುತ್ತಿದೆ,” ಎಂದು ಹಿತ್ತಾಳೆಯ ಸ್ಕ್ರೂ ನರಳಿತು.

ಅಜ್ಜ ಮತ್ತೂ ತಿರುಗಿಸಿದ. ಥ್ರೆಡ್ ಕಿತ್ತುಹೋಗಿ ಸ್ಕ್ರೂ ಗಿರಗಿರನೆ ಸುತ್ತತೊಡಗಿತು. ಅದು ಹಿಡಿದಿದ್ದ ತಂತಿ ಕಳಚಿ ಬಿತ್ತು.

“ನೋಡಿದೆಯಾ, ಎಷ್ಟು ಸಡಿಲ ಬಿಟ್ಟಿದ್ದೆ ನೀನು,” ಎಂದ ಅಜ್ಜ ಮುಂದಿನ ಸ್ಕ್ರೂವಿನತ್ತ ಹೊರಟ.