ಸದ್ದಿಲ್ಲದ ರಿಲೇ ರೆಕ್ಕೆ ಕಟ್ಟಿಕೊಂಡಿದ್ದು

ಈ ಸಲ ಹೇಳೋದೆಲ್ಲ ನಿಜ ಕಣಮ್ಮ ಪುಟ್ಟಗೌರಿ, ನನ್ನ ಬೆಸುಗೆ ಕಡ್ಡಿ ಮೇಲಾಣೆ. ಕೋಳಿಮೊಟ್ಟೆಗೆ ಕಾವು ಕೊಡೋ ಒಂದು ಪೆಟ್ಟಿಗೆ ಇತ್ತು. ಒಳಗೆ ಸರಿಯಾಗಿ ಅರವತ್ತು ಮೊಟ್ಟೆ. ಅದರ ಹೀಟರು ಹಾಕಿ ಆರಿಸೋಕೆ ಹೊಸದೊಂದು ಸಾಲಿಡ್ ಸ್ಟೇಟ್ ರಿಲೇ, ಅಂದ್ರೆ ತಾನಾಗೇ ಕೆಲಸ ಮಾಡೋ ಸ್ವಿಚ್ಚು, ಬಂತು. ಅದು ಕೈಕೊಟ್ರೆ ಕರೆಂಟು ಕಡೀಲಿ ಅಂತ, ಟಕ್ ಟಕ್ ಅನ್ನೋ ಹಳೇ ರಿಲೇನೂ ಅದರ ಹಿಂದೆಯೇ ಉಳಿಸಿದ್ರು.

"ನನ್ನೊಳಗೆ ಅಲುಗಾಡೋ ಒಂದು ಚೂರೂ ಇಲ್ಲ. ಸವೆಯೋ ಮಾತಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ನೀನಿನ್ನು ಮಲಗಜ್ಜ," ಅಂತು ಹೊಸದು.

"ನೀನು ಬಿಸಿ ಆಗ್ತೀಯಲ್ಲ ಮರಿ. ಬೆನ್ನಿಗೆ ಆ ಅಲ್ಯೂಮಿನಿಯಂ ರೆಕ್ಕೆ ಹಾಕಿಸ್ಕೋ, ಶಾಖ ಹೊರಗೆ ಹೋಗ್ಲಿ."

"ಅದೆಲ್ಲ ಕೈಲಾಗದವರಿಗೆ!" ಅಂತ ಹೊಸದು ರೆಕ್ಕೆಯ ಸ್ಕ್ರೂ ಉದುರಿಸಿಬಿಡ್ತು.

ಇಪ್ಪತ್ತನೇ ದಿನ, ಮರಿಗಳು ಒಳಗಿಂದ ಚಿಪ್ಪು ಕುಟ್ಟೋ ಹೊತ್ತಿಗೆ, ಹೊಸ ರಿಲೇ ಮೈ ಕೆಂಡವಾಗಿ ಹೀಟರು ಆರಿಸೋ ಶಕ್ತಿಯೇ ಹೋಯ್ತು.

"ಅಜ್ಜಾ, ಆರಿಸೋಕೆ ಆಗ್ತಿಲ್ಲ! ಮರಿಗಳು ಬೆಂದುಹೋಗ್ತಾವೆ!"

ಹಳೇದು ಟಕ್ ಅಂತ ಬಾಯಿ ಬಿಟ್ಟು ಕರೆಂಟು ಕಡೀತು.

ಮೈ ತಣ್ಣಗಾದ ಮೇಲೆ ಹೊಸದು ತಾನಾಗೇ ಕೇಳಿ ರೆಕ್ಕೆ ಹಾಕಿಸ್ಕೊಂತು. ಮಾರನೇ ದಿನ ಎರಡೂ ಎದೆ ಉಬ್ಬಿಸ್ಕೊಂಡು ಕೂತಿದ್ವು. "ನಮ್ಮ ಕಾವಲಲ್ಲಿ ಒಂದು ಮೊಟ್ಟೆನೂ ಕೆಡ್ಲಿಲ್ಲ ಅಜ್ಜ," ಅಂತು ಹೊಸದು. 'ನಮ್ಮ' ಅಂದಿದ್ದು ಅದೇ ಮೊದಲು. ನಾನೇ ಕಣ್ಣಾರೆ ಎಣಿಸಿದ್ದೀನಿ ಪುಟ್ಟಗೌರಿ, ಎಂಬತ್ತೆರಡು ಮರಿ!

"ತಡೀರಿ ಮಾವ, ಮೊಟ್ಟೆ ಅರವತ್ತೇ ಅಂದ್ರಲ್ಲ? ಮಿಕ್ಕ ಇಪ್ಪತ್ತೆರಡನ್ನ ನಿಮ್ಮ ರಿಲೇಗಳೇ ಇಟ್ಟವಾ?"